ಹಳೆಯ ಬೆಟ್ಟದ ಹೊಸ ಚಿತ್ರ ಬರೆಸುವ ಮುನ್ನ

ಮನೆ ಕಟ್ಟಿ ಮುಗಿಸಿದ್ದೀರಿ, ಸುಣ್ಣಬಣ್ಣ ಆಗಿದೆ, ಹಜಾರದ ದೊಡ್ಡ ಗೋಡೆಯೊಂದು ಬೋಳಾಗಿ ಕಾಣುತ್ತಿದೆ. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಇಂಗ್ಲೆಂಡಿನಿಂದ ಬಂದ ಚಿತ್ರಕಾರರು ನಮ್ಮ ಕಡೆಯ ಬೆಟ್ಟ, ಕೋಟೆ, ಗುಡಿಗಳನ್ನು ಬರೆದಿದ್ದಾರೆ, ಅವನ್ನು ಎಣ್ಣೆಬಣ್ಣದಲ್ಲಿ ಕೈಯಿಂದಲೇ ನಕಲು ಮಾಡಿಕೊಡುತ್ತಾರೆ, ಒಂದು ಹಾಕಿಸಿ ಎಂದು ಯಾರೋ ಹೇಳಿದರು. ಒಳ್ಳೆಯ ಆಸೆ, ಖಂಡಿತ ಹಾಕಿಸಿ. ಮೂಲಚಿತ್ರಗಳು ಲಂಡನ್ನಿನಲ್ಲೋ ಕೋಲ್ಕತ್ತದಲ್ಲೋ ಇವೆ. ಅವು ನಮ್ಮ ಮನೆಗೆ ಬರುವುದಿಲ್ಲ. ಒಳ್ಳೆಯ ಕೈ ಬರೆದ ನಕಲು ಬರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ನೀವು ಅದನ್ನು ಹೇಳಿ ಮಾಡಿಸುವ ರೀತಿ ಮಾತ್ರ ನನಗೆ ಹಿಡಿಸುವುದಿಲ್ಲ. ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿದು, ಸೆರಗು ಬಿಡಿಸಿ, ಬಿಸಿಲಿಗೆ ಹಿಡಿದು ಬಣ್ಣ ನೋಡುವವರು, ಚಿತ್ರದ ವಿಷಯಕ್ಕೆ ಬಂದಾಗ ಫೋನಿಗೆ ಬಂದ ಒಂದು ಮಸುಕು ಫೋಟೋ ಕಳಿಸಿ, “ಇದೇ ಥರ, ಆರು ಅಡಿಗೆ ನಾಲ್ಕು ಅಡಿ, ಗೃಹಪ್ರವೇಶದೊಳಗೆ ಬೇಕು” ಎಂದುಬಿಡುತ್ತೀರಿ. ಯಾರು ಬರೆದ ಚಿತ್ರ, ಯಾವ ಊರಿನದು, ಮೂಲ ಎಲ್ಲಿದೆ, ಒಂದೂ ಗೊತ್ತಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಸ್ವಲ್ಪ ಕುಳಿತು ಕೇಳಿ.

ಮೊದಲು ಮೂಲವನ್ನು ಹುಡುಕಿ. ‘ಹಳೇ ಬ್ರಿಟಿಷ್ ಪೇಂಟಿಂಗ್’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ತುಂಬಬೇಡಿ. ವಿಲಿಯಂ ಹಾಜಸ್ ಎಂಬಾತ ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ ಹಡಗಿನ ಚಿತ್ರಕಾರನಾಗಿ ದಕ್ಷಿಣ ಸಮುದ್ರಗಳನ್ನು ಸುತ್ತಿ, ಆಮೇಲೆ 1780ರಿಂದ 1783ರವರೆಗೆ ಭಾರತದಲ್ಲಿದ್ದ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ 1786ರಲ್ಲಿ ಕಲ್ಕತ್ತೆಗೆ ಬಂದಿಳಿದರು. ಆಗ ಹುಡುಗನಿಗೆ ಇನ್ನೂ ಹದಿಹರೆಯ. ಉತ್ತರ ಭಾರತವನ್ನೆಲ್ಲ ಸುತ್ತುವಾಗ ಅವರು ಹಾಜಸ್‌ನ ಅಚ್ಚಿನ ಚಿತ್ರಗಳನ್ನು ಜೊತೆಗಿಟ್ಟುಕೊಂಡು, ಅದೇ ಜಾಗದಲ್ಲಿ ನಿಂತು, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ತಾಳೆ ನೋಡಿದರು. ಬರೆದದ್ದನ್ನು ಲಾಟರಿಗಿಟ್ಟು ದಾರಿಖರ್ಚು ಹುಟ್ಟಿಸಿಕೊಂಡು 1792ರಲ್ಲಿ ಮದರಾಸಿನಿಂದ ದಕ್ಷಿಣದ ಪ್ರವಾಸ ಹೊರಟರು. ಬೆಂಗಳೂರು, ಹೊಸೂರು, ರಾಯಕೋಟೆ, ಆಮೇಲೆ ತಿರುಚಿನಾಪಳ್ಳಿ, ಮಧುರೆ, ಪಾಪನಾಶದ ಜಲಪಾತ, ಕನ್ಯಾಕುಮಾರಿಯವರೆಗೂ ಹೋದರು. ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ ‘ಓರಿಯೆಂಟಲ್ ಸೀನರಿ’ ಎಂಬ ಹೆಸರಿನಲ್ಲಿ ಒಟ್ಟು 144 ಚಿತ್ರಗಳನ್ನು ಹೊರತಂದರು. ನೀವು ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯಲ್ಲಿ ನೋಡುವ ‘ಹಳೆಯ ಭಾರತ’ದ ಚಿತ್ರಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬಂದವು.

ಈಗ ಗಮನವಿಟ್ಟು ಕೇಳಬೇಕಾದ ಮಾತು. ಆ 144 ಚಿತ್ರಗಳು ಎಣ್ಣೆಬಣ್ಣದವಲ್ಲ. ಅವು ಅಕ್ವಾಟಿಂಟ್‌ಗಳು. ತಾಮ್ರದ ತಗಡಿನ ಮೇಲೆ ರಾಳದ ನುಣುಪು ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಅದು ತಗಡನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಕೊರೆಯುತ್ತದೆ. ಹೆಚ್ಚು ಹೊತ್ತು ಆಮ್ಲ ತಾಗಿದ ಕಡೆ ನೆರಳು ಗಾಢ, ಕಡಿಮೆ ತಾಗಿದ ಕಡೆ ತಿಳಿ. ಅದಕ್ಕೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿ, ಒಂದೊಂದು ಪ್ರತಿಗೂ ಕೈಯಿಂದ ಜಲವರ್ಣ ಹಚ್ಚುತ್ತಿದ್ದರು. ಅದಕ್ಕೇ ಆ ಆಕಾಶಕ್ಕೆ ಅಷ್ಟು ತೆಳುವಾದ ಮಂಜಿನಂಥ ಬಣ್ಣ. ಎಣ್ಣೆಬಣ್ಣದಲ್ಲಿ ಅದನ್ನು ನಕಲು ಮಾಡುವಾಗ ಕಲಾವಿದ ಬೇರೆ ಸಾಮಗ್ರಿಗೆ ಒಗ್ಗಿಸಿ ಬರೆಯುತ್ತಾನೆ. ಅದು ತಪ್ಪಲ್ಲ. ಆದರೆ “ಮೂಲದಂತೆಯೇ ಇದೆ” ಎಂದು ಮಾರುವವನು ಹೇಳಿದರೆ ನೀವು ತಲೆಯಾಡಿಸಬೇಡಿ. ಥಾಮಸ್ ಡೇನಿಯಲ್ ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳೂ ಬೇಕಾದಷ್ಟಿವೆ. ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿ ಡೇನಿಯಲ್‌ಗಳ ದೊಡ್ಡ ಸಂಗ್ರಹವೇ ಇದೆ. ಎಣ್ಣೆಬಣ್ಣವೇ ಬೇಕು ಅನ್ನುವುದಾದರೆ ಎಣ್ಣೆಬಣ್ಣದ ಮೂಲವನ್ನೇ ಆರಿಸಿಕೊಳ್ಳಿ. ಅಕ್ವಾಟಿಂಟೇ ಮನಸ್ಸಿಗೆ ಬಂದಿದ್ದರೆ ಒಳ್ಳೆಯ ಕಾಗದದ ಮೇಲೆ ಜಲವರ್ಣದಲ್ಲಿ, ಅದರ ಅಳತೆಯಲ್ಲೇ ಬರೆಸಿ. ಚಿಕ್ಕದಾಯಿತು ಎಂದು ಕೊರಗಬೇಡಿ, ಹತ್ತಿರ ನಿಂತು ನೋಡುವ ಚಿತ್ರ ಅದು.

ಮೈಸೂರು ಸೀಮೆಯ ಚಿತ್ರಗಳನ್ನು ಕೇಳುವವರು ಇನ್ನೂ ಎಚ್ಚರವಾಗಿರಬೇಕು. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಟಿಪ್ಪುವಿನ ಮೇಲೆ ಯುದ್ಧ ಹೂಡಿದ ಕಾರ್ನ್‌ವಾಲಿಸನ ಸೈನ್ಯದ ಜೊತೆ ಇಲ್ಲಿಗೆ ಬಂದವನು. ಅವನ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ 1794ರಲ್ಲಿ ಅಚ್ಚಾಯಿತು. ಸಾವನದುರ್ಗ, ಶಿವಗಂಗೆ, ಶ್ರೀರಂಗಪಟ್ಟಣ ಎಲ್ಲ ಅದರಲ್ಲಿವೆ. ಆ ಪುಸ್ತಕದ ಚಿತ್ರಗಳು ಗೆರೆಯ ಕೆತ್ತನೆಗಳು, ಕಪ್ಪು ಬಿಳುಪು. ಅದರ ಹಾಳೆ ನೋಡಿ ಬರೆದ ಎಣ್ಣೆಬಣ್ಣದ ಸಾವನದುರ್ಗ ನಿಮ್ಮ ಮುಂದೆ ಬಂದರೆ, ಅದರ ಬಣ್ಣವೆಲ್ಲ ಇಂದಿನ ಕಲಾವಿದನ ಊಹೆ. “ಹೋಮ್ ಇದೇ ಬಣ್ಣದಲ್ಲಿ ಬರೆದದ್ದು” ಎಂದು ಅಂಗಡಿಯವರು ಹೇಳಿ ನೀವು ನಂಬಿದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಜೇಮ್ಸ್ ಹಂಟರ್ ಎಂಬಾತನ ಮೈಸೂರು ಚಿತ್ರಗಳು ಬಣ್ಣದವು, ಆದರೆ ಅವು ಲಂಡನ್ನಿನಲ್ಲಿ ಅಚ್ಚಾಗಿ ಪುಸ್ತಕವಾದದ್ದು 1805ರಲ್ಲಿ, ಅವನು ತೀರಿಕೊಂಡು ವರ್ಷಗಳಾದ ಮೇಲೆ. ಬಣ್ಣ ಹಚ್ಚಿದ ಕೈಗಳು ಬೆಂಗಳೂರಿನ ಬಿಸಿಲು ಕಂಡವಲ್ಲ. ಇಷ್ಟನ್ನು ತಿಳಿದು ಬರೆಸಿದರೆ ನಷ್ಟವೇನೂ ಇಲ್ಲ. ಒಂದು ಸಲಹೆ: ಆ ಊರು ಇನ್ನೂ ಅಲ್ಲೇ ಇದೆಯಲ್ಲ? ಸಾವನದುರ್ಗದ ಬಂಡೆ ಮಳೆ ಬಂದಾಗ ಯಾವ ಬಣ್ಣ, ಬೇಸಗೆಯ ಮಧ್ಯಾಹ್ನ ಯಾವ ಬಣ್ಣ ಎಂದು ಕಲಾವಿದರೇ ಹೋಗಿ ನೋಡಿ ಬರಲಿ. ಬಸ್ಸಿನ ಖರ್ಚು ನೀವೇ ಕೊಡಿ.

ಇನ್ನು ಚಿತ್ರದ ಅರ್ಥದ ಮಾತು. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ಈ ಚಿತ್ರಗಳಿಗೆ ಹೇಳಿ ಮಾಡಿಸಿದ್ದು. ನಸುನೀಲಿ ಗುಡ್ಡ, ಕೆಳಗೆ ಕೆರೆ, ಒಂದು ಆಲದ ಮರ, ಎತ್ತಿನ ಜೊತೆ ನಿಂತ ರೈತ. ನೋಡಲು ಎಷ್ಟು ನೆಮ್ಮದಿ. ಆದರೆ ಡೇನಿಯಲ್‌ಗಳು ನಮ್ಮ ಕಡೆ ಬಂದದ್ದು ಯಾವಾಗ? ಟಿಪ್ಪುವಿನ ಮೇಲಿನ ಆ ಯುದ್ಧದಲ್ಲಿ ಬೆಂಗಳೂರಿನ ಕೋಟೆ 1791ರ ಮಾರ್ಚಿನಲ್ಲಿ ಬಿತ್ತು, ಸಾವನದುರ್ಗ ಅದೇ ವರ್ಷದ ಡಿಸೆಂಬರಿನಲ್ಲಿ. 1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆ ಇಟ್ಟ. ಡೇನಿಯಲ್‌ಗಳು ಮದರಾಸು ಬಿಟ್ಟದ್ದು ಮರು ತಿಂಗಳು, ಏಪ್ರಿಲಿನಲ್ಲಿ. ಅವರು ಬರೆದ ಬಾರಾಮಹಲ್ ಸೀಮೆಯ ಗಿರಿದುರ್ಗಗಳು ಆಗಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿದ್ದವು. ಸೈನ್ಯ ತುಳಿದ ಹೊಲ, ಸುಟ್ಟ ಹಳ್ಳಿ ಯಾವುದೂ ಆ ನೀಲಿ ಬೆಟ್ಟದ ಚಿತ್ರದಲ್ಲಿ ಸಿಗುವುದಿಲ್ಲ. ಊರಿನಲ್ಲಿ ಕುಳಿತು ಪೇಪರಿನಲ್ಲಿ ಯುದ್ಧದ ಸುದ್ದಿ ಓದಿದ ಇಂಗ್ಲಿಷರಿಗೆ ಗೆದ್ದ ನಾಡು ಹೇಗಿದೆ ಎಂದು ನೋಡುವ ಆಸೆಯಿತ್ತು. ಹೋಮ್, ಅವನಂತೆಯೇ ಇಲ್ಲಿನ ಚಿತ್ರ ಬರೆದ ಕೋಲ್‌ಬ್ರುಕ್, ಅಲನ್, ಇವರ ಮೈಸೂರು ಚಿತ್ರಗಳು ಒಂದರ ಹಿಂದೊಂದು ಯುದ್ಧ ಮುಗಿದ ಒಂದೆರಡು ವರ್ಷದಲ್ಲಿ ಅಚ್ಚಾದದ್ದು ಸುಮ್ಮನೆ ಅಲ್ಲ.

ಅದಕ್ಕೆಂದು ಆ ಚಿತ್ರ ಹಾಕಬೇಡಿ ಅನ್ನುತ್ತಿಲ್ಲ. ಅವು ನಮ್ಮ ನೆಲದ ಬಹಳ ಹಳೆಯ, ಬಹಳ ಚೆಂದದ ದಾಖಲೆಗಳು. ಆದರೆ ಏನು ತೂಗುಹಾಕುತ್ತಿದ್ದೀರಿ ಎಂದು ತಿಳಿದು ಹಾಕಿ. ಮೊಮ್ಮಗು ಬಂದು “ಅಜ್ಜಿ, ಈ ಕೋಟೆಯ ಗೋಡೆ ಯಾಕೆ ಒಡೆದಿದೆ?” ಎಂದು ಕೇಳಿದಾಗ “ಏನೋ ಸೀನರಿ, ಮರಿ” ಎಂದು ಜಾರಿಕೊಳ್ಳುವ ಹಾಗಾಗಬಾರದು.

ಮೂಲವನ್ನು ತಿದ್ದಿಸುವ ಕೆಟ್ಟ ಚಾಳಿ ನಿಮ್ಮಲ್ಲಿ ಅನೇಕರಿಗೆ ಇದೆ. ಮುಂದಿನ ಕಪ್ಪು ಮರ ಬೇಡ, ಗೋಡೆಗೆ ಕತ್ತಲಾಗುತ್ತದೆ. ಎರಡು ನವಿಲು ಸೇರಿಸಿ. ನೀರು ಎಡಕ್ಕೆ ಹರಿಯುತ್ತಿದೆ, ವಾಸ್ತು ಪ್ರಕಾರ ಬಲಕ್ಕೆ ತಿರುಗಿಸಿ! ತಿರುಗಿಸಿದರೆ ಕೋಟೆಯ ಬಾಗಿಲು ಎಡದಿಂದ ಬಲಕ್ಕೆ ಹೋಗುತ್ತದೆ, ಬೆಟ್ಟದ ಇಳಿಜಾರು ಉಲ್ಟಾ ಆಗುತ್ತದೆ, ಆ ಊರಿನವರು ಬಂದು ನೋಡಿದರೆ ತಮ್ಮ ಬೆಟ್ಟವನ್ನೇ ಗುರುತಿಸಲಾರರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಆ ಚಿತ್ರಕಾರರು ಮುಂಭಾಗವನ್ನು ಕತ್ತಲಾಗಿಸಿ, ಒಂದು ಬದಿಗೆ ಮರ ನಿಲ್ಲಿಸಿ, ನಡುವೆ ಬೆಳಕು ಚೆಲ್ಲಿ, ಹಿಂದಿನ ಬೆಟ್ಟವನ್ನು ಮಸುಕು ಮಾಡುತ್ತಿದ್ದದ್ದು ಕಣ್ಣು ಹಂತ ಹಂತವಾಗಿ ಒಳಗೆ ಹೋಗಲಿ ಎಂದು. ಹದಿನೇಳನೆಯ ಶತಮಾನದ ಕ್ಲೋದ್ ಲೋರೇನ್‌ನ ಚಿತ್ರಗಳಿಂದ ಯುರೋಪಿನವರು ಕಲಿತ ಪಾಠ ಅದು. ಮುಂದಿನ ಮರ ತೆಗೆದರೆ ಹಿಂದಿನ ಬೆಟ್ಟ ಮುಂದಕ್ಕೆ ಬಂದು ಚಪ್ಪಟೆಯಾಗುತ್ತದೆ. ಮೂಲೆಯಲ್ಲಿ ನಿಂತ ಬೆರಳುದ್ದದ ಮನುಷ್ಯನನ್ನು ಅಳಿಸಿದರೆ ಗೋಪುರ ಎಷ್ಟು ಎತ್ತರ ಎಂದು ತಿಳಿಯುವುದೇ ಇಲ್ಲ.

ಹೌದು, ಆ ಚಿತ್ರಕಾರರೇ ತಿದ್ದುತ್ತಿದ್ದರು, ನಾವು ತಿದ್ದಿದರೆ ಏನು ಎಂದು ವಾದ ಮಾಡುವವರಿದ್ದೀರಿ. ಹಾಜಸ್ ತನ್ನ ತಹೀತಿ ದ್ವೀಪದ ಚಿತ್ರಕ್ಕೆ ಸ್ನಾನ ಮಾಡುವ ಹೆಂಗಸರನ್ನು, ದೇವರ ಕೆತ್ತನೆಯನ್ನು ಲಂಡನ್ನಿನಲ್ಲಿ ಕುಳಿತು 1776ರಲ್ಲಿ ಸೇರಿಸಿದ್ದು ನಿಜ. ಡೇನಿಯಲ್‌ಗಳು ಕ್ಯಾಮೆರಾ ಅಬ್‌ಸ್ಕ್ಯೂರಾ ಎಂಬ ಪೆಟ್ಟಿಗೆಯಲ್ಲಿ ಬಿಂಬ ಹಾಯಿಸಿ ಕಟ್ಟಡದ ಗೆರೆಯನ್ನು ಕರಾರುವಾಕ್ಕಾಗಿ ಎಳೆದರೂ, ಜನರನ್ನು, ಮರವನ್ನು ಆಮೇಲೆ ತಮಗೆ ಬೇಕಾದ ಕಡೆ ಕೂಡಿಸುತ್ತಿದ್ದರು. ಅದು ಅವರ ಚಿತ್ರ, ಅವರ ಇಷ್ಟ. ನೀವು ಮಾಡಿಸುತ್ತಿರುವುದು ನಕಲು. ನಿಮಗೆ ನವಿಲು ಬೇಕಿದ್ದರೆ ಕಲಾವಿದರಿಗೆ ಹೇಳಿ ಹೊಸ ಚಿತ್ರವನ್ನೇ ಬರೆಸಿ, ಅದಕ್ಕೆ ಡೇನಿಯಲ್ ಹೆಸರು ಕಟ್ಟಬೇಡಿ.

ಅಳತೆಯನ್ನೂ ಗೋಡೆ ನೋಡಿ ಹೇಳಬಾರದು. ಮೂಲದ ಅಗಲ ಎತ್ತರ ತಿಳಿದುಕೊಂಡು ಅದೇ ಅನುಪಾತದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ. ಸೋಫಾದ ಉದ್ದಕ್ಕೆ ಸರಿಹೊಂದಲಿ ಎಂದು ಎಳೆದರೆ ಗೋಪುರ ಕುಳ್ಳಾಗುತ್ತದೆ, ಕತ್ತರಿಸಿದರೆ ಆಕಾಶ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಗೋಡೆಯಲ್ಲಿ ಉಳಿದ ಜಾಗ ಖಾಲಿ ಇದ್ದರೆ ಚಿತ್ರಕ್ಕೆ ಶೋಭೆಯೇ.

ಬಣ್ಣಕ್ಕೆ ಫೋನಿನ ಫೋಟೋ ನಂಬಬೇಡಿ. ಒಂದೇ ಚಿತ್ರ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ನೀಲಿಯಾಗಿ ಸಿಗುತ್ತದೆ. ಮೂಲವನ್ನು ಇಟ್ಟುಕೊಂಡಿರುವ ಮ್ಯೂಸಿಯಂ ಕೊಡುವ ದೊಡ್ಡ ಚಿತ್ರವನ್ನೇ ತರಿಸಿಕೊಳ್ಳಿ. ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಂಥ ಸಂಸ್ಥೆಗಳು ಹಕ್ಕು ಮುಗಿದ ಚಿತ್ರಗಳನ್ನು ಪುಕ್ಕಟೆಯಾಗಿಯೇ ಕೊಡುತ್ತವೆ. ಇನ್ನೊಂದು: ಹಳೆಯ ಎಣ್ಣೆಬಣ್ಣದ ಚಿತ್ರದ ಮೇಲಿನ ವಾರ್ನಿಷ್ ಕಾಲ ಕಳೆದಂತೆ ಹಳದಿಯಾಗುತ್ತದೆ. ನೀಲಿ ಆಕಾಶ ಹಸಿರಾಗಿ, ಬಿಳಿ ಮೋಡ ಬೆಣ್ಣೆಯ ಬಣ್ಣವಾಗಿ ಕಾಣುವುದು ಅದರಿಂದಲೇ. ಹಳದಿಯನ್ನೂ ಸೇರಿಸಿ ನಕಲು ಮಾಡಬೇಕೋ, ಒಳಗಿನ ಆಕಾಶವನ್ನು ಹುಡುಕಿ ಬರೆಯಬೇಕೋ ಎಂದು ಕಲಾವಿದರ ಜೊತೆ ಮೊದಲೇ ಮಾತಾಡಿಕೊಳ್ಳಿ. ನನ್ನ ಮತ ಕೇಳಿದರೆ ಆಕಾಶ ಆಕಾಶದ ಹಾಗೇ ಇರಲಿ. ಕೊಳೆಯನ್ನು ಕಾಸು ಕೊಟ್ಟು ಕೊಳ್ಳುವುದೇಕೆ?

ಕೈಯಿಂದ ಬರೆದದ್ದು ಎಂದು ಹೇಳಿ ಪ್ರಿಂಟು ಮಾರುವವರಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕ್ಯಾನ್ವಾಸಿನ ಮೇಲೆ ಯಂತ್ರದಿಂದ ಅಚ್ಚು ಹೊಡೆದು, ಮೇಲೆ ಪಾರದರ್ಶಕ ಜೆಲ್‌ನಿಂದ ಬ್ರಶ್ಶಿನ ಗುರುತು ಮೂಡಿಸಿದರೆ ಮೊದಲ ನೋಟಕ್ಕೆ ಯಾರಾದರೂ ಮೋಸಹೋಗುತ್ತಾರೆ. ಚಿತ್ರವನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಪಕ್ಕದಿಂದ ಬೆಳಕು ಬೀಳುವಂತೆ ಓರೆಯಾಗಿ ಹಿಡಿಯಿರಿ. ಬ್ರಶ್ಶಿನ ಏಣು ಎಲೆಯ ಮೇಲೆ ಎಲೆಯ ದಿಕ್ಕಿಗೆ, ನೀರಿನ ಮೇಲೆ ನೀರಿನ ದಿಕ್ಕಿಗೆ ಹೋಗಿದೆಯೇ ನೋಡಿ. ಎಲ್ಲ ಕಡೆ ಒಂದೇ ಥರ ಗೀರು ಇದ್ದರೆ ಅನುಮಾನಪಡಿ. ಭೂತಗನ್ನಡಿಯಲ್ಲಿ ಸಣ್ಣ ಬಣ್ಣದ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು, ವಾದವೇ ಬೇಡ. ಪ್ರಿಂಟು ಕೊಳ್ಳುವುದು ತಪ್ಪಲ್ಲ, ಪ್ರಿಂಟಿನ ಬೆಲೆ ಕೊಟ್ಟು ಕೊಳ್ಳಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಯಾರ ಕೈಯಲ್ಲಿ ಬರೆಸಬೇಕು? ಚೀನಾದ ಶೆಂಜೆನ್ ನಗರದ ಡಾಫೆನ್ ಎಂಬಲ್ಲಿಗೆ 1989ರಲ್ಲಿ ಹಾಂಗ್‌ಕಾಂಗಿನ ವ್ಯಾಪಾರಿಯೊಬ್ಬ ಕೆಲವು ಚಿತ್ರಕಾರರನ್ನು ಕರೆತಂದು ನಕಲಿನ ಕಾರ್ಖಾನೆ ಶುರುಮಾಡಿದ. ಇವತ್ತು ಅಲ್ಲಿ ಸಾವಿರಾರು ಜನ ಅದೇ ಕೆಲಸದಲ್ಲಿದ್ದಾರೆ. ದೊಡ್ಡ ಆರ್ಡರ್ ಬಂದಾಗ ಒಬ್ಬ ಆಕಾಶ, ಇನ್ನೊಬ್ಬ ಮರ ಎಂದು ಹಂಚಿಕೊಂಡು ಬರೆಯುವುದೂ ಉಂಟು. ಅವರ ಕೈಚಳಕದ ಬಗ್ಗೆ ಹಗುರವಾಗಿ ಮಾತಾಡಬೇಡಿ, ಹೊಟ್ಟೆಪಾಡಿಗೆ ದುಡಿಯುವ ಕಲಾವಿದರು ಅವರು. ಆದರೆ ಸಾವನದುರ್ಗ ನೋಡದವರಿಂದ ಸಾವನದುರ್ಗ ಬರೆಸುವುದಕ್ಕಿಂತ, ಮೈಸೂರಿನ ಕಾವಾ ಕಲಾಶಾಲೆಯಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಕಲಿತು ಹೊರಬಂದ ನಮ್ಮ ಹುಡುಗ ಹುಡುಗಿಯರನ್ನು ಒಮ್ಮೆ ಕೇಳಿ ನೋಡಿ. ಪರಿಷತ್ತಿನವರು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ನೀವೇ ಕಣ್ಣಾರೆ ಕೆಲಸ ನೋಡಿ ಆರಿಸಬಹುದು. ಚೌಕಾಸಿ ಮಾಡಿ ಅವರ ಮುಖ ಬಾಡಿಸಬೇಡಿ. ಕ್ಯಾನ್ವಾಸು, ಒಳ್ಳೆಯ ಬಣ್ಣ, ಲಿನ್‌ಸೀಡ್ ಎಣ್ಣೆ ಎಲ್ಲಕ್ಕೂ ಅವರು ಕೈಯಿಂದ ಹಾಕಬೇಕು, ಮುಂಗಡ ಕೊಡಿ. ತಳದ ಬಣ್ಣ ಹಾಕಿದಾಗ ಒಮ್ಮೆ, ಮುಗಿಯುವ ಮುಂಚೆ ಒಮ್ಮೆ ಹೋಗಿ ನೋಡಿ. ದಿನಾ ಫೋನು ಮಾಡಿ ಪೀಡಿಸಬೇಡಿ. ಎಣ್ಣೆಬಣ್ಣ ಒಂದು ಪದರ ಆರದೆ ಇನ್ನೊಂದು ಹಾಕಿದರೆ ಮುಂದೆ ಬಿರುಕು ಬಿಡಬಹುದು. ಚಿತ್ರ ಮನೆಗೆ ಬಂದ ಮೇಲೂ ಕೊನೆಯ ವಾರ್ನಿಷಿಗೆ ಆರು ತಿಂಗಳಾದರೂ ಕಾಯಬೇಕು. ಗೃಹಪ್ರವೇಶದ ಮುಹೂರ್ತಕ್ಕೂ ಎಣ್ಣೆ ಆರುವುದಕ್ಕೂ ಸಂಬಂಧವಿಲ್ಲ.

ಮೂಲ ಚಿತ್ರಕಾರನ ಸಹಿಯನ್ನು ನಕಲು ಮಾಡಿಸಲೇಬೇಡಿ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿ 1793ರಿಂದಲೂ ಕಲಾವಿದರು ಕುಳಿತು ನಕಲು ಮಾಡುತ್ತಾರೆ. ಅಲ್ಲಿ ನಕಲು ಮೂಲದ ಅಳತೆಯಲ್ಲಿ ಇರಕೂಡದು, ಮೂಲದ ಸಹಿ ಹಾಕಕೂಡದು ಎಂಬ ಕಟ್ಟುನಿಟ್ಟು. ಸಹಿಯ ವಿಷಯದಲ್ಲಿ ನೀವೂ ಅದನ್ನೇ ಪಾಲಿಸಿ. ಚಹಾ ಡಿಕಾಕ್ಷನ್ ಬಳಿದು ಹಳತು ಮಾಡಿಸುವುದು, ಬೇಕೆಂದೇ ಬಿರುಕು ಹುಟ್ಟಿಸುವುದು ಇವೂ ಬೇಡ. ಇಂದು ನೀವು ಶೋಕಿಗೆ ಮಾಡಿಸಿದ್ದನ್ನು ನಾಳೆ ನಿಮ್ಮ ಮಕ್ಕಳು ಅಸಲಿ ಎಂದು ತಿಳಿದು ಮಾರಲು ಹೋದರೆ ಪೇಚು ಅವರಿಗೆ. ಅಮೆರಿಕದಲ್ಲಿರುವ ಮಗಳಿಗೆ ಕಳಿಸುವವರಂತೂ ಬಿಲ್ಲನ್ನು, ಕಲಾವಿದರ ಕೈಬರಹದ ಚೀಟಿಯನ್ನು ಜೋಪಾನವಾಗಿಡಿ. ನೂರು ವರ್ಷ ದಾಟಿದ ಚಿತ್ರವನ್ನು ದೇಶದ ಹೊರಗೆ ಒಯ್ಯುವುದನ್ನು 1972ರ ಕಾನೂನು ತಡೆಯುತ್ತದೆ. ನೋಡಲು ಹಳತಾಗಿರುವ ಚಿತ್ರವನ್ನು ಕಸ್ಟಮ್ಸ್‌ನವರು ನಿಲ್ಲಿಸಿ ಕೇಳಬಹುದು. ಅನುಮಾನ ಬರುವಂತಿದ್ದರೆ ಪುರಾತತ್ವ ಇಲಾಖೆಯಿಂದ ಇದು ಪ್ರಾಚೀನ ವಸ್ತುವಲ್ಲ ಎಂಬ ಪ್ರಮಾಣಪತ್ರ ಮೊದಲೇ ಪಡೆಯಿರಿ. ಸುತ್ತಿ ಕಳಿಸುವುದಾದರೆ ಬಣ್ಣದ ಮುಖ ಹೊರಗಿರುವಂತೆ, ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಬೇಕು. ಒಳಮುಖವಾಗಿ ಬಿಗಿದು ಸುತ್ತಿದರೆ ಬಣ್ಣ ಸುಕ್ಕುಗಟ್ಟಿ ಒಡೆಯುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಂಗಳುಗಟ್ಟಲೆ ಬರೆದ ಚಿತ್ರವನ್ನು ನೀವು ಒದ್ದೆ ಬಟ್ಟೆಯಿಂದ ಒರೆಸಿ ಒಂದೇ ದಿನದಲ್ಲಿ ಹಾಳು ಮಾಡಬಹುದು. ಒಣ, ಮೆತ್ತನೆಯ ಅಗಲ ಬ್ರಶ್ಶಿನಿಂದ ಮೇಲಿಂದ ಕೆಳಕ್ಕೆ ಧೂಳು ಕೊಡವಿ, ಸಾಕು. ಆಲೂಗಡ್ಡೆ ಉಜ್ಜುವುದು, ಬ್ರೆಡ್ಡಿನಿಂದ ತಿಕ್ಕುವುದು ಇಂಥ ಮನೆಮದ್ದು ಚಿತ್ರದ ಹತ್ತಿರ ಸುಳಿಯಕೂಡದು. ದೇವರ ಮನೆಯ ಊದುಬತ್ತಿ, ಅಡುಗೆಮನೆಯ ಒಗ್ಗರಣೆಯ ಹೊಗೆ ಎರಡೂ ಮುಟ್ಟದ ಗೋಡೆ ನೋಡಿ. ನೇರ ಬಿಸಿಲು ಬೇಡ. ಮಲೆನಾಡು, ಕರಾವಳಿಯವರಿಗೆ ವಿಶೇಷವಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ಬೆವರುವ ಹೊರಗೋಡೆಗೆ ಚಿತ್ರ ಅಂಟಿಸಿ ಹಾಕಿದರೆ ಹಿಂದಿನಿಂದ ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ ಹಾಕಿ, ಕಟ್ಟಿನ ಕೆಳಮೂಲೆಗಳಿಗೆ ಕಾರ್ಕಿನ ಚೂರು ಅಂಟಿಸಿ, ಹಿಂದೆ ಗಾಳಿಯಾಡಲಿ. ಕ್ಯಾನ್ವಾಸ್ ಸಡಿಲವಾದರೆ ಹಿಂದಿನ ಮರದ ಚೌಕಟ್ಟಿನ ಮೂಲೆಯ ಬೆಣೆಗಳನ್ನು ಫ್ರೇಮಿನವರಿಂದಲೇ ಬಿಗಿ ಮಾಡಿಸಿ, ನೀವೇ ಸುತ್ತಿಗೆ ಹಿಡಿಯಬೇಡಿ. ದೊಡ್ಡ ಚಿತ್ರಕ್ಕೆ ಒಂದು ಮೊಳೆ ಸಾಲದು, ಎರಡು ಹಾಕಿಸಿ.

ಕಟ್ಟು ಹಾಕಿಸುವ ಮುನ್ನ ಕ್ಯಾನ್ವಾಸಿನ ಹಿಂಬದಿಗೆ ಒಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಮೂಲ ಚಿತ್ರದ ಹೆಸರು, ಅದನ್ನು ಬರೆದವರು, ಅದರ ವರ್ಷ, ಅದು ಈಗ ಇರುವ ಜಾಗ, ಇದು ಯಾವ ವರ್ಷ ಮಾಡಿದ ನಕಲು, ಯಾರು ಮಾಡಿದ್ದು ಎಂಬುದನ್ನೆಲ್ಲ ಕನ್ನಡದಲ್ಲೇ ಸ್ಪಷ್ಟವಾಗಿ ಬರೆಯಿರಿ. ಬಂದವರು ಚಿತ್ರವನ್ನು ಹೊಗಳಿದಾಗ ಡೇನಿಯಲ್ ಹೆಸರನ್ನಷ್ಟೇ ಹೇಳಿ ಸುಮ್ಮನಾಗಬೇಡಿ. ನಕಲು ಬರೆದುಕೊಟ್ಟ ಕಲಾವಿದರ ಹೆಸರನ್ನೂ ಜೊತೆಗೆ ಹೇಳಿ, ಅವರಿಗೆ ಇನ್ನೊಂದು ಕೆಲಸ ಸಿಗಲಿ.